ಲಾರಿಯ ಹಿಂದಿನ ಸಾಲು, ಕ್ಯಾಬಿನ್ನಿನ ಕಾಗದ

ಲಾರಿಯ ಹಿಂಬದಿಯಲ್ಲಿ ಬರೆದ ಸಾಲುಗಳನ್ನು ಮೆಚ್ಚಿ ಮಾತಾಡುವವರು ನಮ್ಮಲ್ಲಿ ಬಹಳ ಮಂದಿ. 'ಹಾರ್ನ್ ಓಕೆ ಪ್ಲೀಸ್'ನಿಂದ ಹಿಡಿದು 'ತಾಯಿಯ ಆಶೀರ್ವಾದ'ದವರೆಗೆ ಎಲ್ಲವೂ ಅವರಿಗೆ ರಸ್ತೆಯ ಜಾನಪದ. ಬಸ್ಸಿನ ಕಿಟಕಿಯಿಂದ ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಲಾರಿಯಲ್ಲಿ ಇನ್ನೊಂದು ಬರಹವೂ ಪ್ರಯಾಣ ಮಾಡುತ್ತದೆ. ಡ್ರೈವರನ ತಲೆಯ ಮೇಲಿನ ಗೂಡಿನಲ್ಲಿ, ದೇವರ ಪಟದ ಹಿಂದೆ ಮಡಿಸಿಟ್ಟ ಬಿಲ್ಟಿ. ಎಲ್.ಆರ್. ಅಂತಲೂ ಅನ್ನುತ್ತಾರೆ. ನಮ್ಮ ವಿಮರ್ಶಕರು ಅದನ್ನು ಓದಿದ್ದು ನಾನು ಕಂಡಿಲ್ಲ. ನಾನೂ ಓದಿರಲಿಲ್ಲ. ಹಾಗಾಗಿ ಈ ಟೀಕೆ ಮೊದಲು ನನ್ನ ಮೇಲೆಯೇ.

ಬಿ.ಎ. ಎರಡನೇ ವರ್ಷದಲ್ಲಿ ಲಾರಿ ಡ್ರೈವರನ ಮೇಲೆ ಒಂದು ಪದ್ಯ ಬರೆದಿದ್ದೆ. ಅದರಲ್ಲಿ ಡ್ರೈವರ್ ಹೆದ್ದಾರಿಯ ಸೂರ್ಯ, ಬ್ರೋಕರ್ ರಕ್ತ ಹೀರುವ ತಿಗಣೆ. ಕವಿಗೋಷ್ಠಿಯಲ್ಲಿ ಚಪ್ಪಾಳೆ ಬಿತ್ತು. ಆ ಹುರುಪಿನಲ್ಲೇ ಮನೆಗೆ ಬಂದು ಅಪ್ಪನ ಮುಂದೆ ಓದಿದೆ. ಅಪ್ಪ ಮೂವತ್ತು ವರ್ಷ ಸ್ಟೇರಿಂಗು ಹಿಡಿದವನು. ಬೀಡಿ ಆರಿಸಿ ಅಂದ: "ಚಲೋ ಐತಿ ತಮ್ಮಾ. ಆದ್ರ ನಿಮ್ಮವ್ವನ ಆಪರೇಷನ್‌ಗೆ ರಾತ್ರಿ ಹನ್ನೊಂದಕ್ಕ ರೊಕ್ಕ ಕೊಟ್ಟಾವನೂ ಆ ತಿಗಣಿನ ನೋಡು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಪದ್ಯ ಸುಳ್ಳಾಗಿತ್ತು. ಬ್ರೋಕರನನ್ನು ಬೈದದ್ದರಿಂದ ಸುಳ್ಳಾಗಲಿಲ್ಲ, ಅವನು ಹೇಗೆ ಬದುಕುತ್ತಾನೆ, ಅಪ್ಪನನ್ನು ಹೇಗೆ ಕಟ್ಟಿಹಾಕುತ್ತಾನೆ ಅಂತ ತಿಳಿಯದೆ ಬೈದದ್ದರಿಂದ ಸುಳ್ಳಾಯಿತು.

ನಮ್ಮದು ಸಂಡೂರು ಸೀಮೆ. ಅದಿರಿನ ಕಾಲದಲ್ಲಿ ಅಪ್ಪ ಬೇರೆಯವರ ಲಾರಿ ಹೊಡೆಯುತ್ತಿದ್ದ. ಹುಬ್ಬಳ್ಳಿ ದಾಟಿ, ಅರಬೈಲು ಘಾಟಿ ಇಳಿದು, ಬೇಲೆಕೇರಿ ಬಂದರಿಗೆ. 2009ರಲ್ಲಿ ಸಾಲ ಮಾಡಿ ಹಳೇ ಲಾರಿಯೊಂದನ್ನು ಕೊಂಡ. ಕೇರಿಯಲ್ಲಿ ಎಲ್ಲರೂ ಅವನನ್ನು 'ಓನರ್' ಅನ್ನತೊಡಗಿದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗುಡ್ಡ ನುಂಗಿದವರನ್ನು ತಡೆಯಲು ಬಂದ ಆಜ್ಞೆ ಅದು, ಬರಲೇಬೇಕಿತ್ತು. ಆದರೆ ಗಣಿ ನಿಂತಿತೆಂದು ಸಾಲದ ಕಂತು ನಿಲ್ಲಲಿಲ್ಲ. ಅಪ್ಪ ಬ್ರೋಕರ್ ಆಫೀಸಿನ ಬೆಂಚಿಗೆ ಬಂದು ಕೂತ. ಅಲ್ಲಿ ಅವನಿಗೆ ಹೆಸರಿಲ್ಲ. ಲಾರಿ ನಂಬರಿನ ಕೊನೆಯ ನಾಲ್ಕು ಅಂಕಿಯೇ ಹೆಸರು.

ಅದಿರಿಗೆ ಇದ್ದದ್ದು ಗೊತ್ತಿದ್ದ ದಾರಿ. ಮಾರುಕಟ್ಟೆಯ ಮಾಲಿಗೆ ನೂರು ದಾರಿ. ಗಂಗಾವತಿಯ ಅಕ್ಕಿ ಹೇರಿಕೊಂಡು ಚೆನ್ನೈಗೆ ಹೋದವನು ಖಾಲಿ ವಾಪಸು ಬರುವಂತಿಲ್ಲ. ಖಾಲಿ ಲಾರಿಯೂ ಡೀಸೆಲ್ ಕುಡಿಯುತ್ತದೆ, ಟೋಲ್ ಕಟ್ಟುತ್ತದೆ. ಗುರುತಿಲ್ಲದ ಊರಿನಲ್ಲಿ ರಿಟರ್ನ್ ಲೋಡು ಯಾರ ಹತ್ತಿರ ಇದೆ? ಅದು ಬ್ರೋಕರನಿಗೆ ಗೊತ್ತು. ಅವನಿಗೆ ಲಾರಿ ಇಲ್ಲ, ಮಾಲೂ ಇಲ್ಲ. ಪಾರ್ಟಿಗೆ ಲಾರಿಯವನ ಮೇಲೆ ನಂಬಿಕೆ ಇಲ್ಲ, ಲಾರಿಯವನಿಗೆ ಪಾರ್ಟಿಯ ಗುರುತಿಲ್ಲ. ಇಬ್ಬರೂ ನಂಬುವುದು ನಡುವೆ ಕೂತವನನ್ನು. ಅದು ಕೆಲಸವೇ, ಅದಕ್ಕೆ ಕಮಿಷನ್ ಕೇಳುವುದರಲ್ಲಿ ಅನ್ಯಾಯವೇನಿಲ್ಲ. ಅನ್ಯಾಯ ಇರುವುದು ಮುಂಗಡ ಮತ್ತು ಬಾಕಿಯ ಲೆಕ್ಕದಲ್ಲಿ.

ಲೆಕ್ಕಕ್ಕೆ ಬಾಡಿಗೆ 40,000 ರೂಪಾಯಿ ಅಂತ ಇಟ್ಟುಕೊಳ್ಳಿ. ಲೋಡ್ ಆದ ಕೂಡಲೇ 32,000 ಮುಂಗಡ. ಮಾಲು ಇಳಿಸಿ, ಸಹಿ ಹಾಕಿಸಿದ ಬಿಲ್ಟಿ ತಂದುಕೊಟ್ಟ ಮೇಲೆ 8,000 ಬಾಕಿ. ಮುಂಗಡ ದೊಡ್ಡದಾಗಿ ಕಾಣುತ್ತದೆ. ಡೀಸೆಲ್, ಟೋಲ್, ಕಮಿಷನ್, ಹಮಾಲಿ, ಕ್ಲೀನರನ ಬಾಟಾ, ದಾರಿಯ ಮಾಮೂಲು ಎಲ್ಲ ಕಳೆದರೆ ಅದು ರಸ್ತೆಯಲ್ಲೇ ಮುಗಿಯುತ್ತದೆ. ಮನೆಗೆ ಬರಬೇಕಾದ ದುಡಿಮೆ ಇರುವುದು ಆ ಬಾಕಿಯಲ್ಲಿ. ಆ ಬಾಕಿ ಇರುವುದು ಬ್ರೋಕರನ ಡ್ರಾಯರಿನಲ್ಲಿ. ಯಾವ ದಿನ ಕೊಡಬೇಕು ಅಂತ ಅಪ್ಪನ ಯಾವ ಕಾಗದದಲ್ಲೂ ಬರೆದಿಲ್ಲ. ಕೇಳಲು ಹೋದರೆ, "ಪಾರ್ಟಿ ಚೆಕ್ ಬಂದಿಲ್ಲಪ್ಪ, ಈ ಲೋಡು ಹಾಕ್ಕೊಂಡು ಹೋಗಿ ಬಾ, ಎರಡೂ ಸೇರಿಸಿ ಕೊಡ್ತೀನಿ." ಹೀಗೆ ಹಿಂದಿನ ಬಾಕಿಯೇ ಮುಂದಿನ ಲೋಡಿಗೆ ಹಗ್ಗವಾಗುತ್ತದೆ. ಆಪರೇಷನ್ನಿಗೆ ಕೊಟ್ಟ ಹಣವೂ ಇದೇ ಡ್ರಾಯರಿನಿಂದ ಬಂದದ್ದು. ಆ ಹೊತ್ತಿಗೆ ಅಪ್ಪನ ಮೂರು ಟ್ರಿಪ್ಪಿನ ಬಾಕಿ ಅಲ್ಲೇ ಇತ್ತು. ನಮ್ಮ ರೊಕ್ಕವನ್ನೇ ನಮಗೆ ಸಾಲ ಅಂತ ಕೊಟ್ಟಿದ್ದ. ಅದಕ್ಕೆ ಅಪ್ಪ ಇವತ್ತಿಗೂ ಕೈ ಮುಗಿಯುತ್ತಾನೆ.

ಹೌದು, ಬ್ರೋಕರನೂ ಪಾರ್ಟಿಯ ಚೆಕ್ಕಿಗೆ ಕಾಯುತ್ತಾನೆ. ಆದರೆ ಅವನು ಐವತ್ತು ಲಾರಿಗಳ ಬಾಕಿ ಇಟ್ಟುಕೊಂಡು ಫ್ಯಾನಿನ ಕೆಳಗೆ ಕಾಯುತ್ತಾನೆ. ಅಪ್ಪ ಕಂತಿನ ತಾರೀಖು ಎಣಿಸುತ್ತ ಲಾರಿಯ ಕೆಳಗೆ ಚಾಪೆ ಹಾಸಿ ಕಾಯುತ್ತಾನೆ.

ಈಗ ಬಿಲ್ಟಿಗೆ ಬರೋಣ. ಪದ್ಯದ ಸೋಲಿನ ಮೇಲೆ ನಾನು ಅಪ್ಪನ ಟ್ರಂಕು ತೆಗೆದು ಹಳೇ ಬಿಲ್ಟಿಗಳನ್ನು ಓದಲು ಕೂತೆ. ಬಹಳಷ್ಟರ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಅಚ್ಚಾಗಿತ್ತು: 'ಅಟ್ ಓನರ್ಸ್ ರಿಸ್ಕ್'. ನಷ್ಟವಾದರೆ ಓನರನ ಹೊಣೆ. ಅಪ್ಪನನ್ನು ಕೇಳಿದೆ, ಓನರ್ ಅಂದರೆ ಯಾರು? "ನಾನ ಅಲ್ಲೇನು? ಲಾರಿ ನಂದು." ಆಫೀಸಿನಲ್ಲಿ ಹಾಗೇ ಹೇಳಿದ್ದರಂತೆ. ಒಂದು ಚೀಲ ಹರಿದರೂ, ತೂಕದಲ್ಲಿ ಹತ್ತು ಕಿಲೋ ಕಡಿಮೆ ಬಂದರೂ ಆ ಸಾಲಿಗೆ ಬೆರಳಿಟ್ಟು ಬಾಕಿಯಲ್ಲಿ ಮುರಿದುಕೊಂಡಿದ್ದರು. ವರ್ಷಗಟ್ಟಲೆ.

ಗೆಳೆಯರೇ, ಆ ಸಾಲಿನ ಓನರ್ ಲಾರಿಯ ಓನರ್ ಅಲ್ಲ. ಮಾಲಿನ ಓನರ್. ಮಾಲಿನವನಿಗೂ ಸಾಗಣೆಯವನಿಗೂ ನಡುವಿನ ಮಾತು ಅದು. ಅಲ್ಲಿಯೂ ಅದು ಸಾಗಣೆಯವನ ಅಲಕ್ಷ್ಯವನ್ನು ಮುಚ್ಚುವುದಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 1865ರ ಬ್ರಿಟಿಷರ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರಲ್ಲಿ ಜಾರಿಯಾಯಿತು. ಅದು ಸಾಗಣೆದಾರ ಎನ್ನುವಾಗ ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರರನ್ನೂ ಸೇರಿಸಿಯೇ ಹೇಳುತ್ತದೆ. ಮಾಲು ಒಪ್ಪಿಕೊಂಡು ರಸೀತಿ ಕೊಟ್ಟವನು ಮಾಲಿನವನಿಗೆ ಉತ್ತರ ಹೇಳಬೇಕು. ಆ ಉತ್ತರದ ಖರ್ಚನ್ನು ಲಾರಿಯವನ ತಲೆಗೆ ಕಟ್ಟುವುದಾದರೆ ತಪ್ಪು ಅವನದೆಂದು ಮೊದಲು ತೋರಿಸಬೇಡವೇ? ಲೋಡ್ ಮಾಡುವಾಗಲೇ ಚೀಲ ಕಡಿಮೆ ಇದ್ದರೆ? ಯಾರೂ ತೋರಿಸಲಿಲ್ಲ. ಒಂದು ಶಬ್ದಕ್ಕೆ ತಪ್ಪು ಅರ್ಥ ಹೇಳಿದರು, ಅಷ್ಟರಲ್ಲೇ ಕೆಲಸ ಆಯಿತು. ಕೇರಿ ಪ್ರೀತಿಯಿಂದ ಕೊಟ್ಟ 'ಓನರ್' ಎಂಬ ಮಾತನ್ನೇ ಆಫೀಸು ಕುಣಿಕೆ ಮಾಡಿತು.

ಇನ್ನೊಂದು ಕಾಗದವನ್ನೂ ಓದಿ. 2018ರಿಂದ ಮಾಲಿನ ಜೊತೆ ಇ-ವೇ ಬಿಲ್ ಬಂದಿದೆ. ಕಳಿಸುವವರ, ಪಡೆಯುವವರ ವಿವರ, ಮಾಲಿನ ಬೆಲೆ, ಲಾರಿಯ ನಂಬರು ಎಲ್ಲ ಅದರಲ್ಲಿದೆ. ಡ್ರೈವರನ ಹೆಸರಿಗೆ ಅದರಲ್ಲಿ ಜಾಗವಿಲ್ಲ. 2021ರಿಂದ ಸಾಮಾನ್ಯ ಮಾಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಗಡುವು. ಮಾಲು ಎಷ್ಟು ಹೊತ್ತಿನಲ್ಲಿ ತಲುಪಬೇಕು ಅಂತ ಸರ್ಕಾರ ಬರೆದಿಟ್ಟಿದೆ. ಒಯ್ಯುವವನು ಎಷ್ಟು ಹೊತ್ತು ಮಲಗಬೇಕು? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. ಆದರೆ ಅದು ಅನ್ವಯವಾದದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆಗೆ. ಒಂದೇ ಲಾರಿಯ ಅಪ್ಪ ತಾನೇ ಓನರ್, ತಾನೇ ಡ್ರೈವರ್. ಆ ಕಾಯ್ದೆಯ ನೆರಳು ಅವನ ಮೇಲೆ ಬೀಳಲೇ ಇಲ್ಲ.

ನಮ್ಮ ಕಾವ್ಯಕ್ಕೆ ಸಿಟ್ಟಿದೆ, ಇರಬೇಕು. ಆದರೆ ಸಿಟ್ಟು ಮುಖವನ್ನು ಮಾತ್ರ ಹುಡುಕಿದರೆ, ಮರುದಿನ ಆ ಮುಖ ಆಸ್ಪತ್ರೆಗೆ ರೊಕ್ಕ ತಂದು ಕೊಟ್ಟು ನಮ್ಮ ಬಾಯಿ ಮುಚ್ಚಿಸುತ್ತದೆ. ಶೋಷಣೆ ಕಾಗದದಲ್ಲಿ, ಲೆಕ್ಕದಲ್ಲಿ, ಒಂದು ಶಬ್ದದ ಅರ್ಥದಲ್ಲಿ ಕೂತಿರುತ್ತದೆ. ಅದನ್ನು ಓದಲಾರದ ವಿಮರ್ಶೆ ಎಷ್ಟು ಪ್ರತಿಮೆ, ರೂಪಕಗಳನ್ನು ಬಿಡಿಸಿದರೇನು? ಹಳ್ಳಿಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ಮಕ್ಕಳಿಗೆ ಪದ್ಯದ ಸಾರಾಂಶ ಬರೆಸುವಂತೆ ಅವರ ಅಪ್ಪಂದಿರ ಕಾಗದಗಳನ್ನೂ ಒಮ್ಮೆ ಓದಿಸಿ. ಬಿಲ್ಟಿ, ಸಾಲದ ಪತ್ರ, ಕೂಲಿಯ ಚೀಟಿ, ಯಾವುದಾದರೂ ಸರಿ.

ಹೋದ ತಿಂಗಳು ಅಪ್ಪ ಮತ್ತೆ ಆಫೀಸಿಗೆ ಹೋದ. ಶಾರ್ಟೇಜ್ ಅಂತ ಬಾಕಿ ಮುರಿಯಲು ಹೊರಟಾಗ ಕೇಳಿದನಂತೆ: "ಸಾವ್ಕಾರ್ರ, ಇದರಾಗ ಓನರ್ ಅಂದ್ರ ಯಾರ್ರಿ?" ಬ್ರೋಕರ್ ಸುಮ್ಮನಾದ. ಬಾಕಿ ಪೂರಾ ಎಣಿಸಿ ಕೊಟ್ಟ. ಆಮೇಲೆ ಹನ್ನೊಂದು ದಿನ ಅಪ್ಪನಿಗೆ ಲೋಡು ಕೊಡಲಿಲ್ಲ.

ಒಬ್ಬನೇ ಕೇಳಿದರೆ ಹನ್ನೊಂದು ದಿನ ಹಸಿವು. ಆ ಬೆಂಚಿನ ಮೇಲೆ ಕೂತವರೆಲ್ಲ ಒಟ್ಟಿಗೆ ಕೇಳಿದರೆ ಮಾಲು ಹೊರುವ ಲಾರಿಯನ್ನು ಅವನು ಎಲ್ಲಿಂದ ತರುತ್ತಾನೆ? ನನ್ನ ಮುಂದಿನ ಪದ್ಯ ಆ ಬೆಂಚಿನ ಮೇಲೆ ಓದುವಂಥದ್ದಾಗಬೇಕು. ಇನ್ನೂ ಬರೆದಿಲ್ಲ.