ಕೆಳಗಿನ ಮೂರಡಿ: ಬೀದಿಕಲೆ ನೋಡಲು ಹೊರಟವರಿಗೊಂದು ಕೈಪಿಡಿ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟಿನಲ್ಲಿ ಸಿಗ್ನಲ್ ಬಿದ್ದರೆ, ಅಕ್ಕಪಕ್ಕದ ಗೋಡೆ ನೋಡುವಷ್ಟು ಪುರುಸೊತ್ತು ಯಾರಿಗಾದರೂ ಸಿಗುತ್ತದೆ. ನಮ್ಮಲ್ಲಿ ಬಹಳ ಜನರಿಗೆ ಬೀದಿಕಲೆಯ ಪರಿಚಯ ಆಗಿರುವುದೇ ಹೀಗೆ, ಗಾಡಿಯ ಮೇಲೆ ಕೂತು. ಹುಲಿಯ ಮುಖ, ಹಂಪಿಯ ಕಲ್ಲಿನ ರಥ, ಯಕ್ಷಗಾನದ ಕಿರೀಟ, ಮರ ಉಳಿಸಿ ಎಂಬ ಬರಹ. ‘ಚೆನ್ನಾಗಿದೆ’ ಅಂದುಕೊಳ್ಳುವಷ್ಟರಲ್ಲಿ ಹಿಂದಿನ ಆಟೊದವನು ಹಾರನ್ ಹೊಡೆಯುತ್ತಾನೆ. ಗಾಡಿ ನಿಲ್ಲಿಸಿ, ಇಳಿದು, ಹತ್ತಿರ ಹೋಗಿ ನೋಡಬೇಕು ಅನ್ನಿಸಿದವರಿಗೆ ಈ ಕೈಪಿಡಿ. ಚಿತ್ರಕಲೆ ಓದಿರಬೇಕಾಗಿಲ್ಲ. ನಡೆಯಲು ಒಳ್ಳೆಯ ಚಪ್ಪಲಿ, ಬಿಡುವಿನ ಒಂದು ಬೆಳಗ್ಗೆ ಇದ್ದರೆ ಸಾಕು.

ಮೊದಲೇ ಒಂದು ಮಾತು. ಬೀದಿಯಲ್ಲಿ ಕೃತಿ ಎಂದರೆ ಇಡೀ ಜಾಗ. ಕಸ ಸುರಿಯುತ್ತಿದ್ದ ಮೂಲೆ, ಬತ್ತಿದ ಕೆರೆ, ಖಾಲಿ ಮಾಡಿದ ಜೈಲು, ಮೇಲ್ಸೇತುವೆಯ ಅಡಿಯ ಕತ್ತಲು, ಇವನ್ನೆಲ್ಲ ಊರು ಕೈಬಿಟ್ಟಿರುತ್ತದೆ. ಅವನ್ನು ಯಾರೋ ಮತ್ತೆ ಕೈಗೆತ್ತಿಕೊಂಡಾಗ ಅಲ್ಲಿಗೆ ಬಣ್ಣ ಬರುತ್ತದೆ, ಹಿಂದೆಯೇ ಹಾಡು, ಸಂತೆ, ಮಕ್ಕಳ ಗಲಾಟೆ. ಬಣ್ಣ ಬಳಿಯಲು ಎರಡು ದಿನ ಸಾಕು. ಉಳಿದದ್ದು ಅಲ್ಲಿ ಊರಲು ವರ್ಷಗಳು ಹಿಡಿಯುತ್ತವೆ. ಈ ಕಲೆಯ ಗಟ್ಟಿತನ ತಿಳಿಯುವುದು ಆ ಉಳಿದದ್ದರಲ್ಲೇ.

ಜಾಗದ ಜಾತಕ ಓದಿ

ಚಿತ್ರಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ: ಇಲ್ಲಿ ಮೊದಲು ಏನಿತ್ತು?

ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್ ಒಳ್ಳೆಯ ಮೊದಲ ಪಾಠ. ಅದು ಹಳೆಯ ಸೆಂಟ್ರಲ್ ಜೈಲು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಜಾಗ ಖಾಲಿ ಬಿತ್ತು, 2008ರಲ್ಲಿ ಪಾರ್ಕ್ ಆಯಿತು. ನಡುವಿನ ಕಾವಲು ಗೋಪುರವನ್ನು ಕೆಡವದೆ ಉಳಿಸಿಕೊಂಡಿದ್ದಾರೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲಿದ್ದರು. ‘ಸಂಸ್ಕಾರ’ ಸಿನಿಮಾದ ಚಂದ್ರಿ, ನಟಿ ಸ್ನೇಹಲತಾ ರೆಡ್ಡಿಯವರೂ ಇಲ್ಲಿಯೇ ಬಂದಿಯಾಗಿದ್ದರು. ಆರೋಗ್ಯ ಪೂರ್ತಿ ಹದಗೆಟ್ಟು ಹೊರಬಂದ ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಇದು ಗೊತ್ತಿದ್ದು ಅಲ್ಲಿ ಕೂತು ಒಂದು ನಾಟಕ ನೋಡಿ. ಮಾತಿನ ನಡುವೆ ಕಣ್ಣು ತಾನಾಗಿ ಆ ಗೋಪುರದ ಕಡೆ ಹೋಗುತ್ತದೆ. ಆಗ ಗೋಪುರವೂ ನಾಟಕದ ಒಂದು ಪಾತ್ರ.

ಎಂ.ಜಿ. ರಸ್ತೆಯ ‘ರಂಗೋಲಿ’ಯ ಜಾತಕ ಬೇರೆ. ಬೋಗನ್‌ವಿಲ್ಲಾದ ನೆರಳಿನಲ್ಲಿ ಜನ ಅಡ್ಡಾಡುತ್ತಿದ್ದ ಕಾಲುಹಾದಿ ಮೆಟ್ರೊ ಕಾಮಗಾರಿಗೆ ಹೋಯಿತು. 2013ರಲ್ಲಿ ಹಳಿಯ ಅಡಿಯ ಜಾಗವನ್ನೇ ಕಲಾಕೇಂದ್ರ ಮಾಡಿದರು. ಛಾಯಾ, ವಿಸ್ಮಯ, ಬೆಳಕು ಎಂದು ಒಂದೊಂದು ಭಾಗಕ್ಕೆ ಒಂದೊಂದು ಹೆಸರು. ಬಯಲು ರಂಗಮಂದಿರದ ಹೆಸರು ‘ಬಯಲು’. ತಲೆಯ ಮೇಲೆ ರೈಲು ಹೋದಾಗ ವೇದಿಕೆಯ ಮೇಲಿನವರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಜಾಗದ ಜೊತೆ ಹೊಂದಿಕೊಂಡ ತಂಡ ರೈಲನ್ನೂ ಮಾತಿನೊಳಗೆ ಎಳೆದುಕೊಳ್ಳುತ್ತದೆ. ಹೊಂದಿಕೊಳ್ಳದ ತಂಡ ಮೈಕಿನ ದನಿ ಏರಿಸುತ್ತದೆ.

ಕಣ್ಣು ತಗ್ಗಿಸಿ ನೋಡಿ

ಈಗ ಗೋಡೆಗೆ ಬನ್ನಿ. ಎಲ್ಲರೂ ಚಿತ್ರವನ್ನು ಮೇಲಿನಿಂದ ನೋಡುತ್ತಾರೆ. ನೀವು ಕೆಳಗಿನ ಮೂರಡಿಯಿಂದ ಶುರು ಮಾಡಿ. ಕಲಾವಿದ ಹೊರಟುಹೋದ ಮೇಲೆ ಗೋಡೆಗೆ ಏನಾಯಿತು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ.

ಎಲೆ ಅಡಿಕೆ ಉಗಿದ ಕಲೆ ಇದೆಯೇ? ಮೂತ್ರದ ಉಪ್ಪು ಬಿಳಿಚಿಕೊಂಡು ಬಣ್ಣ ಹಕ್ಕಳೆ ಎದ್ದಿದೆಯೇ? ಪಿ.ಜಿ. ಜಾಹೀರಾತಿನ ಚೀಟಿ, ಬೋರ್‌ವೆಲ್‌ನವರ ಫೋನ್ ನಂಬರು, ತೀರಿಕೊಂಡವರ ಭಾವಪೂರ್ಣ ಶ್ರದ್ಧಾಂಜಲಿ ಅಂಟಿವೆಯೇ? ಮೊಣಕಾಲೆತ್ತರದಲ್ಲಿ ದೇವರ ಟೈಲ್ಸ್ ಕೂಡಿಸಿದ್ದಾರೆಯೇ? ಗಣೇಶ, ಶಿಲುಬೆ, ಮೆಕ್ಕಾ ಮೂರನ್ನೂ ಸಾಲಾಗಿ ಕೂಡಿಸಿದ್ದರೆ ಆ ಗೋಡೆಯ ಮಾಲೀಕರು ಯಾವ ಸಂಕಟಕ್ಕೆ ಸರ್ವಧರ್ಮ ಸಮನ್ವಯ ಮಾಡಿದ್ದಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಗೋಡೆಯ ಬುಡದಲ್ಲಿ ಹೂವಿನವರ ಬುಟ್ಟಿ, ಎಳನೀರಿನ ಗಾಡಿ, ಬಸ್ಸಿಗೆ ಕಾಯುವವರು ಒರಗಿ ಒರಗಿ ನುಣುಪಾದ ಜಾಗ ಕಂಡರೆ ಆ ಚಿತ್ರ ಗೆದ್ದಿದೆ ಎಂದೇ ಲೆಕ್ಕ. ರೇಖೆ ಸೊಟ್ಟಗಿದ್ದರೂ ಸರಿಯೇ.

2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ದಿ ಅಗ್ಲಿ ಇಂಡಿಯನ್’ ಬಳಗ ಈ ಮೂರಡಿಯ ಗುಟ್ಟನ್ನು ಚೆನ್ನಾಗಿ ಹಿಡಿಯಿತು. ಹೆಸರು ಹೇಳಿಕೊಳ್ಳದ ಈ ಗುಂಪು ಕಸದ ಮೂಲೆಯನ್ನು ಗುಡಿಸಿ, ತೊಳೆದು, ಗೋಡೆಯ ಕೆಳಭಾಗಕ್ಕೆ ಕಾವಿಯಂಥ ಕೆಂಪು ಬಳಿಯುತ್ತದೆ. ಧೂಳು, ಉಗುಳು ಎರಡೂ ಆ ಬಣ್ಣದಲ್ಲಿ ಎದ್ದು ಕಾಣುವುದಿಲ್ಲ. ಊರಿನ ದೇವಸ್ಥಾನದ ಗೋಡೆ ನೋಡಿದವರಿಗೆ ಈ ಜಾಣತನ ಹೊಸದೇನಲ್ಲ. ಮೇಲ್ಸೇತುವೆಯ ಕಂಬಗಳಿಗೆ ಇವರು ಬಳಿದದ್ದು ಹೆಚ್ಚಾಗಿ ತ್ರಿಕೋನ, ಪಟ್ಟೆ, ಚೌಕ. ಟೇಪು ಅಂಟಿಸಿ ಬಣ್ಣ ಬಳಿದು ಟೇಪು ಕಿತ್ತರೆ ಗೆರೆ ನೆಟ್ಟಗೆ ಬರುತ್ತದೆ. ಕುಂಚ ಹಿಡಿದೇ ಗೊತ್ತಿಲ್ಲದ ಬ್ಯಾಂಕ್ ಗುಮಾಸ್ತರೂ ಶಾಲೆಯ ಮಕ್ಕಳೂ ಸಲೀಸಾಗಿ ಮಾಡಬಹುದು. ಚಿತ್ರ ಸರಳವಾಗಿದ್ದಷ್ಟೂ ಅದನ್ನು ನನ್ನದು ಎನ್ನುವವರು ಹೆಚ್ಚು.

ಯಾರ ಕೈ ಇದು?

ಮೂರನೆಯ ಪಾಠ, ಕೈ ಗುರುತಿಸುವುದು. ಬೆಂಗಳೂರಿನ ಗೋಡೆಗಳ ಮೇಲೆ ಮುಖ್ಯವಾಗಿ ಮೂರು ಬಗೆಯ ಕೈಗಳಿವೆ.

ಒಂದು, ಸಿನಿಮಾ ಪೇಂಟರುಗಳದ್ದು. ಫ್ಲೆಕ್ಸ್ ಬಂದು ಕಟೌಟು, ಬ್ಯಾನರ್ ಬರೆಯುವವರ ಹೊಟ್ಟೆಯ ಮೇಲೆ ಹೊಡೆಯಿತು. 2009ರ ಸುಮಾರಿಗೆ ಪಾಲಿಕೆ ಅವರಲ್ಲಿ ಅನೇಕರನ್ನು ಕರೆಸಿ ರಸ್ತೆ ಬದಿಯ ಗೋಡೆಗಳನ್ನು ಬರೆಸಿತು. ಜೋಗ, ಬೇಲೂರಿನ ಶಿಲಾಬಾಲಿಕೆ, ಕಾಡಾನೆ ಎಲ್ಲ ಬಂದವು. ಅನೇಕ ಸುಸಂಸ್ಕೃತರು ಮೂಗು ಮುರಿದರು. ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತಿತ್ತು: ಆನೆಯ ಕಣ್ಣಿನಲ್ಲಿ ನಾಯಕನಟನ ಕಣ್ಣಿನ ಹೊಳಪು, ನೀರಿನ ಮೇಲೆ ಪೋಸ್ಟರಿನ ನೇರಳೆ ನೆರಳು. ಇಪ್ಪತ್ತು ಅಡಿ ದೂರದಿಂದ, ಓಡುವ ಬಸ್ಸಿನ ಕಿಟಕಿಯಿಂದ ಕಾಣುವಂತೆ ಬರೆಯುವ ವಿದ್ಯೆ ಅವರಿಗೆ ಕರಗತ.

ಎರಡು, ಕಲಾಶಾಲೆಯ ಕೈ. ಸೃಷ್ಟಿ ಸಂಸ್ಥೆಯ ವಿದ್ಯಾರ್ಥಿಗಳು ‘ಆರ್ಟ್ ಇನ್ ಟ್ರಾನ್ಸಿಟ್’ ಹೆಸರಿನಲ್ಲಿ ಪೀಣ್ಯ, ಆಮೇಲೆ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣಗಳಲ್ಲಿ ಮಾಡಿದ ಕೆಲಸ ನೋಡಿ. ಇಲ್ಲಿ ಚಿತ್ರ ಒಂದೇ ಏಟಿಗೆ ಅರ್ಥ ಬಿಟ್ಟುಕೊಡುವುದಿಲ್ಲ. ದಿನಾ ಅದೇ ದಾರಿಯಲ್ಲಿ ಹೋಗಿಬರುವ ಪ್ರಯಾಣಿಕರಿಗೆ ನಿಧಾನವಾಗಿ ಒಗ್ಗಲಿ ಎಂದು ಬರೆದದ್ದು.

ಮೂರು, ಅಲ್ಲಿಯ ಜನರ ಕೈ. 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಅರವಾಣಿ ಆರ್ಟ್ ಪ್ರಾಜೆಕ್ಟ್’ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಏಣಿ ಹತ್ತಿ ಗೋಡೆಯ ತುಂಬ ದೊಡ್ಡ ದೊಡ್ಡ ಮುಖಗಳನ್ನು ಬರೆಯುತ್ತಾರೆ. ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸಿ ಮುಖ ತಿರುಗಿಸಿದವರೇ ಇಲ್ಲಿ ತಲೆಯೆತ್ತಿ ಆ ಮುಖಗಳನ್ನು ನೋಡಬೇಕಾಗುತ್ತದೆ. ಈ ಬಗೆಯ ಕೆಲಸವನ್ನು ಬರೆಯುತ್ತಿರುವಾಗಲೇ ನೋಡುವುದು ಒಳ್ಳೆಯದು. ಬೀದಿಯವರು ನಿಂತು ಮಾತಾಡಿಸುವುದು, ಯಾರೋ ಕಾಫಿ ತಂದುಕೊಡುವುದು, ಇವೂ ಕೃತಿಗೆ ಸೇರಿದ್ದೇ.

ಕಾರ್ಯಕ್ರಮಕ್ಕೆ ಹೋದಾಗ

ಕೆರೆಹಬ್ಬ, ಬೀದಿಹಬ್ಬ, ಪಾರ್ಕಿನ ಸಂಗೀತ ಎಲ್ಲ ಹೊಸ ಶೋಕಿ ಎಂದುಕೊಳ್ಳಬೇಡಿ. ಅಣ್ಣಮ್ಮ ದೇವಿಯನ್ನು ಬಡಾವಣೆಗೆ ಕರೆತಂದು ಕೂರಿಸಿ ರಸ್ತೆಗೆ ಅಡ್ಡ ಪೆಂಡಾಲ್ ಹಾಕುವುದು, ಗಣೇಶನ ಮುಂದೆ ಆರ್ಕೆಸ್ಟ್ರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಇವೆಲ್ಲ ಬೀದಿಯನ್ನು ಎರಡು ದಿನಕ್ಕೆ ಅಂಗಳ ಮಾಡಿಕೊಳ್ಳುವ ನಮ್ಮ ಹಳೆಯ ಅಭ್ಯಾಸ. ಅದರಲ್ಲೂ ಕರಗವನ್ನು ನೋಡಿ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ ಎಷ್ಟೋ ಕಾಲವಾಯಿತು. ಪಕ್ಕದಲ್ಲಿ ಉಳಿದಿರುವ ಪುಟ್ಟ ಕೊಳಕ್ಕೆ ಕರಗದವರು ಈಗಲೂ ಹೋಗುತ್ತಾರೆ. ಕಳೆದುಹೋದ ಜಾಗದ ಮೇಲೆ ಹಕ್ಕು ಬಿಟ್ಟುಕೊಡದ ಇಂಥ ಕಾರ್ಯಕ್ರಮ ನಗರದಲ್ಲಿ ಇನ್ನೊಂದಿಲ್ಲ.

2014ರಲ್ಲಿ ನಾಗರಿಕರೇ ದುಡ್ಡು ಕೂಡಿಸಿ ನಡೆಸಿದ ಮರಗಳ ಹಬ್ಬ ‘ನೆರಳು’ ಇದೇ ಜಾಡಿನ ಹೊಸ ಕೊಂಡಿ. ಟಬೂಬಿಯಾ ಹೂ ಬಿಡುವ ಫೆಬ್ರವರಿಯಲ್ಲಿ ಮರದ ಅಡಿ ಕಥೆ ಹೇಳಿದರು, ಚಿತ್ರ ಬರೆಸಿದರು, ಜನರನ್ನು ಮರ ನೋಡಲು ನಡೆಸಿಕೊಂಡು ಹೋದರು.

ಇಂಥಲ್ಲಿಗೆ ಹೋದಾಗ ವೇದಿಕೆಗೆ ಬೆನ್ನು ಮಾಡಿ ಒಮ್ಮೆ ನೋಡುಗರನ್ನು ನೋಡಿ. ಅಪಾರ್ಟ್‌ಮೆಂಟಿನವರು ಮಾತ್ರ ಇದ್ದಾರೆಯೇ, ಹಿಂದಿನ ಬೀದಿಯವರೂ ಬಂದಿದ್ದಾರೆಯೇ? ನಿರೂಪಣೆ ಕನ್ನಡದಲ್ಲಿ ಇದೆಯೇ? ಮನೆಗೆಲಸ ಮುಗಿಸಿ ಬರುವ ಹೆಂಗಸರಿಗೆ ಹೊಂದುವ ಹೊತ್ತೇ? ಅಜ್ಜ ಅಜ್ಜಿಯರಿಗೆ ಕುರ್ಚಿ, ಎಲ್ಲರಿಗೂ ಶೌಚಾಲಯ ಇದೆಯೇ? ಗಾಯನ ಹೇಗಿತ್ತು ಎಂಬುದನ್ನು ಆಮೇಲೆ ಮಾತಾಡೋಣ.

ಅಳಿಯುವ ಚಿತ್ರಗಳು

ಬೀದಿಕಲೆಗೆ ಆಯಸ್ಸು ಕಡಿಮೆ. ಕೆಲವು ಬೇಗ ಅಳಿಯಲಿ ಎಂದೇ ಹುಟ್ಟುತ್ತವೆ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಹೊಂಡದಲ್ಲಿ ಫೈಬರ್ ಮೊಸಳೆ ಬಿಟ್ಟರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಇಳಿಯುವುದನ್ನು ದೇಶವೇ ಕಾಯುತ್ತಿದ್ದಾಗ, ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಉಡುಪು ತೊಡಿಸಿ ಹೇರೋಹಳ್ಳಿ ಕಡೆಯ ತುಂಗಾನಗರದ ಗುಂಡಿಗಳ ಮೇಲೆ ಚಂದ್ರನ ನಡಿಗೆ ನಡೆಸಿದರು. ವಿಡಿಯೊ ಊರೆಲ್ಲ ಹಬ್ಬಿದ್ದೇ ತಡ, ಪಾಲಿಕೆ ಗುಂಡಿ ಮುಚ್ಚಲು ಓಡಿಬಂತು. ಗುಂಡಿ ಮುಚ್ಚಿದ ಮೇಲೆ ಕೃತಿ ಇಲ್ಲ. ಅದೇ ಅದರ ಗೆಲುವು.

ತಳುಕಿಗೆ ಮರುಳಾಗಬೇಡಿ

ಮೇಲೆಲ್ಲ ತಳುಕು ಒಳಗೆಲ್ಲ ಹುಳುಕು ಎಂಬ ಗಾದೆ ಈ ಕಲೆಗೆ ಬಹಳ ಬೇಗ ಅನ್ವಯಿಸುತ್ತದೆ. ಕೆರೆಯ ಕಾಂಪೌಂಡಿಗೆ ಮಿಂಚುಳ್ಳಿ ಬರೆಸಿ ಒಳಗೆ ಕೊಳಚೆ ಬಿಟ್ಟರೆ ಅದು ಬರೀ ಸುಣ್ಣಬಣ್ಣ. ಅರೆಕೆರೆಗೆ ಅಂಟಿಕೊಂಡಿರುವ ಹುಳಿಮಾವಿನ ಕೆರೆಯ ಏರಿ 2019ರ ನವೆಂಬರ್ 24ರಂದು ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಕೆರೆಯ ಆರೋಗ್ಯ ಇರುವುದು ಏರಿಯಲ್ಲಿ, ತೂಬಿನಲ್ಲಿ, ಕೋಡಿಯಲ್ಲಿ, ರಾಜಕಾಲುವೆಯಲ್ಲಿ. ಆದ್ದರಿಂದ ಚಿತ್ರ ನೋಡಿದ ಮೇಲೆ ನೀರನ್ನೂ ನೋಡಿ, ಮೂಗನ್ನು ನಂಬಿ.

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಇದಕ್ಕೆ ಒಳ್ಳೆಯ ಹೋಲಿಕೆ. 2010ರಲ್ಲಿ ನೆರೆಹೊರೆಯವರು ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ನಿರ್ವಹಣೆಗೆ ಇಳಿದರು. ಕಳೆ ಕೀಳುವುದು, ಗಿಡ ನೆಡುವುದು, ಹಕ್ಕಿ ನೋಡುವುದೇ ಅಲ್ಲಿಯ ಕಾರ್ಯಕ್ರಮ. ಅಲ್ಲಿಂದ ಸಾರಕ್ಕಿ ಕೆರೆಗೆ ಹೋಗಿ. 80 ಎಕರೆಗೂ ದೊಡ್ಡದಾದ ಆ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ಜೆಸಿಬಿ ತಂದು ತೆರವು ಮಾಡಿಸಿದರು. ಮನೆ ಕಳೆದುಕೊಂಡವರ ಕಣ್ಣೀರೂ ಆ ದಂಡೆಯ ಕಥೆಯಲ್ಲಿದೆ. ಮರಳಿ ಪಡೆದ ಜಾಗ ಎಂದಾಗ ಯಾರಿಂದ, ಯಾರಿಗಾಗಿ ಎಂದು ಕೇಳಲೇಬೇಕು.

ಕೊನೆಗೆ, ಅರೆಕೆರೆಯವರಿಗೆ

ನೋಡುವುದು ರೂಢಿಯಾದ ಮೇಲೆ ಕುಂಚ ಹಿಡಿಯುವ ಆಸೆ ಬಂದೇ ಬರುತ್ತದೆ. ಅನುಮತಿ ಇಲ್ಲದೆ ಸಾರ್ವಜನಿಕ ಗೋಡೆಗೆ ಕೈ ಹಾಕಬೇಡಿ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಇದೆ. ಅನುಮತಿಗಿಂತ ಮುಂಚೆ ಆ ಗೋಡೆಯ ಮುಂದೆ ದಿನಾ ಕೂರುವ ಹೂವಿನವರನ್ನು, ಆಟೊ ಸ್ಟ್ಯಾಂಡಿನವರನ್ನು ಕೇಳಿ. ಮಳೆಗಾಲ ಮುಗಿದ ಮೇಲೆ ಬಳಿಯಿರಿ. ಒದ್ದೆ ಗೋಡೆಯ ಮೇಲೆ ಯಾವ ಬಣ್ಣವೂ ನಿಲ್ಲದು. ಮುಂದಿನ ವರ್ಷ ಮತ್ತೆ ಬಳಿಯಲು ದುಡ್ಡು, ಜನ ಎರಡನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ.

ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ, ಕಾಳೇನ ಅಗ್ರಹಾರದಿಂದ ತಾವರೆಕೆರೆವರೆಗೆ ಸುಮಾರು 7.5 ಕಿ.ಮೀ. ಮೆಟ್ರೊ ಕಂಬಗಳು ನಿಂತಿವೆ. ಅವುಗಳ ಮೇಲೆ ಜಾಹೀರಾತು ಬರಬೇಕೋ, ಚಿತ್ರ ಬರಬೇಕೋ, ಬಳ್ಳಿ ಹಬ್ಬಬೇಕೋ ಎಂದು ಮೊದಲು ಕೇಳಬೇಕಾದದ್ದು ಅವುಗಳ ಅಡಿಯಲ್ಲೇ ದಿನಾ ರಸ್ತೆ ದಾಟುವವರನ್ನು. ಯಾರೂ ಬಂದು ಕೇಳದಿದ್ದರೆ ವಾರ್ಡಿನ ಸಭೆಗೆ ನೀವೇ ಹೋಗಿ ಹೇಳಿ.