ಹೊಲವೋ ಹೆಣ್ಣೋ: 'ಜೋಕುಮಾರಸ್ವಾಮಿ' ಮತ್ತು 'ಎಫುರು'

ಮಕ್ಕಳಿಲ್ಲದ ಮನೆಯಲ್ಲಿ ಬಂಜೆಯೆಂಬ ಹೆಸರು ಹೆಂಗಸಿಗೇ ಅಂಟುವುದು ಲೋಕದ ವಾಡಿಕೆ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' (1972) ನಾಟಕವು ಈ ವಾಡಿಕೆಯನ್ನು ಬುಡಮೇಲು ಮಾಡುತ್ತದೆ. ಅಲ್ಲಿ ಕೊರತೆಯಿರುವುದು ಗೌಡನಲ್ಲಿ. ಹರಕೆ ಹೊರುವವಳು ಮಾತ್ರ ಗೌಡತಿ. ಫಲದೈವದ ಅಡುಗೆ ಗಂಡನಿಗೆ ಸಲ್ಲದೆ ಬಸಣ್ಣನ ಪಾಲಾಗಿ, ಅವಳು ಬಸುರಾಗುತ್ತಾಳೆ. ಉಳುವವನಿಗೇ ಭೂಮಿ ಎಂಬ ನ್ಯಾಯವನ್ನು ನಾಟಕಕಾರರು ಹೀಗೆ ಗರ್ಭಕ್ಕೂ ವಿಸ್ತರಿಸಿದ್ದಾರೆ. ರೂಪಕವೇನೋ ಪ್ರಬಲವಾದುದು, ಆದರೆ ಅದರಲ್ಲಿ ಹೆಣ್ಣು ಹೊಲವಾಗಿಯೇ ಉಳಿಯುತ್ತಾಳೆ. ಬೆಳೆ ಬಾರದಿದ್ದರೆ ಅವಳ ಬೆಲೆಯೇನೆಂಬ ಪ್ರಶ್ನೆಯನ್ನು ನಾಟಕವು ಎತ್ತುವುದಿಲ್ಲ.

ಆ ಪ್ರಶ್ನೆಯನ್ನೇ ಎತ್ತಿಕೊಂಡವರು ನೈಜೀರಿಯದ ಲೇಖಕಿ ಫ್ಲೋರಾ ನ್ವಾಪಾ. ಅವರ 'ಎಫುರು' (1966) ಕಾದಂಬರಿಯ ನಾಯಕಿ ಇದ್ದೊಬ್ಬ ಮಗಳನ್ನು ಕಳೆದುಕೊಂಡು, ಮತ್ತೆ ತಾಯಿಯಾಗದೆ, ಸರೋವರದ ದೇವತೆ ಉಹಮಿರಿಯ ಭಕ್ತೆಯಾಗುತ್ತಾಳೆ. ಆ ದೇವತೆ ಸಿರಿಯನ್ನೂ ಚೆಲುವನ್ನೂ ಕೊಟ್ಟಾಳು, ಮಕ್ಕಳನ್ನು ಕೊಡಳು. ಆದರೂ ವ್ಯಾಪಾರನಿಪುಣೆಯಾದ ಎಫುರುವಿನ ಬಾಳು ಬರಿದಾಗುವುದಿಲ್ಲ.

ಕೇರಳದ ಕನ್ನಡಿಗರಿಗೆ ಈ ಎರಡು ಕೃತಿಗಳೂ ದೂರದವಲ್ಲ. ಎರ್ನಾಕುಲಂನಿಂದ ತಿರುವನಂತಪುರಕ್ಕೆ ಹೋಗುವ ದಾರಿಯಲ್ಲಿ, ಹರಿಪ್ಪಾಡಿನ ಬಳಿಯ ಮಣ್ಣಾರಶಾಲೆಯ ನಾಗಸನ್ನಿಧಿಯಲ್ಲಿ, ಸಂತಾನಾಪೇಕ್ಷಿಗಳು ಇಂದಿಗೂ ಉರುಳಿ ಕವುಚಿ ಹರಕೆ ಹೊರುತ್ತಾರೆ. ನಗರದ ಖಾಸಗಿ ಆಸ್ಪತ್ರೆಗಳಲ್ಲಿ ಪ್ರನಾಳ ಶಿಶುವಿನ ಚಿಕಿತ್ಸೆಯೂ ಉಂಟು. ಅದರ ವೆಚ್ಚ ಬಡವರ ಕೈಗೆ ಎಟುಕುವಂತಹುದಲ್ಲ. ಗೌಡತಿಗೆ ಬೇಕಾದುದು ಗಂಡನನ್ನೂ ಒಳಗೊಂಡ ಪರೀಕ್ಷೆ. ಎಫುರುವಿಗೆ ಬೇಕಾದುದು ಚಿಕಿತ್ಸೆ ಫಲಿಸದಾಗಲೂ ಕುಂದದ ಮನ್ನಣೆ. ಮೊದಲನೆಯದನ್ನು ವೈದ್ಯನು ಕೊಡಬಲ್ಲ. ಎರಡನೆಯದನ್ನು ಸಮಾಜವೇ ಕೊಡಬೇಕು.