ಚರಕದ ಕೀರ್ತಿ, ಕಂಬಳಿಯ ನೂಲು

ಕೈನೂಲಿನ ಮೇಲೆ ಕನ್ನಡದಲ್ಲಿ ಬಂದಿರುವ ಬರಹಗಳಲ್ಲಿ ಬಹುಪಾಲು ಹತ್ತಿಯ ನೂಲನ್ನು ಕುರಿತವು, ಮತ್ತು ಆ ನೂಲನ್ನೂ ಅವು ನೂಲಾಗಿ ನೋಡಿದ್ದು ಕಡಿಮೆ. ಸ್ವದೇಶಿ ಚಳವಳಿ ಚರಕಕ್ಕೆ ತಂದ ಕೀರ್ತಿಯ ಚರಿತ್ರೆ ಓದುಗರಿಗೆ ತಿಳಿದದ್ದೇ ಆದ್ದರಿಂದ ಅದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಆ ಕೀರ್ತಿ ಯಾವ ಕೆಲಸಕ್ಕೆ ಸಂದಿತು, ಯಾವ ಕೆಲಸಕ್ಕೆ ಸಲ್ಲದೆ ಹೋಯಿತು ಎಂಬುದಷ್ಟೇ ವಿಚಾರ ಮಾಡತಕ್ಕದ್ದು. ಚಿತ್ರದುರ್ಗ, ಹಾವೇರಿ, ಬಾಗಲಕೋಟೆ, ಬೆಳಗಾವಿ ಸೀಮೆಗಳ ಕುರುಬರ ಮನೆಗಳಲ್ಲಿ ಡೆಕ್ಕನಿ ಕುರಿಯ ಉಣ್ಣೆಯಿಂದ ಕಂಬಳಿಗಾಗಿ ನೂತ ನೂಲು, ಕೌಶಲವೊಂದನ್ನೇ ಒರೆಗಲ್ಲಾಗಿ ಇಟ್ಟುಕೊಂಡರೆ, ಖಾದಿಯ ಹೆಸರಿನಲ್ಲಿ ನೂತದ್ದಕ್ಕಿಂತ ಮೇಲಿನ ದರ್ಜೆಯದು. ಕಂಬಳಿಯನ್ನು ಹೊಗಳಿದವರು ಕೂಡ ಮಗ್ಗದ ಮುಂದೆ ನಿಂತು ನೇಕಾರನನ್ನು ಹೊಗಳಿದರೇ ಹೊರತು ರಾಟೆಯ ಮುಂದೆ ಕುಳಿತವಳ ಕಡೆಗೆ ತಿರುಗಲಿಲ್ಲ.

ಹತ್ತಿಯ ನೂಲಿಗೆ ಹತ್ತಿದ ಅಳತೆಗೋಲನ್ನು ಅರಿಯಲು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಆ ಅಧಿವೇಶನ ಸದಸ್ಯತ್ವಕ್ಕೆ ವಿಧಿಸಿದ ಶುಲ್ಕ ತಿಂಗಳಿಗೆ 2,000 ಗಜ, ಅಂದರೆ ವರ್ಷಕ್ಕೆ 24,000 ಗಜ, ಸಮನಾಗಿ ನೂತ ಕೈನೂಲು. ನೂಲಲು ಮನಸ್ಸಿಲ್ಲದವರು ಬೇರೊಬ್ಬರು ನೂತ ಅಷ್ಟೇ ನೂಲನ್ನು ಒಪ್ಪಿಸಬಹುದಿತ್ತು. ನೂಲಿನ ಸಣ್ಣತನವನ್ನು ನಂಬರಿನಲ್ಲಿ ಹೇಳುತ್ತಾರೆ, ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೆಯೋ ಅದೇ ಅದರ ನಂಬರು. ಈ ಲೆಕ್ಕದಲ್ಲಿ 20 ನಂಬರಿನ 24,000 ಗಜ ನೂಲು ಸುಮಾರು 650 ಗ್ರಾಂ ತೂಗುತ್ತದೆ. ರಾಷ್ಟ್ರಭಕ್ತಿಯ ವರ್ಷದ ಕಾಣಿಕೆ ಮುಕ್ಕಾಲು ಕಿಲೋ ಹತ್ತಿಯನ್ನೂ ಮುಟ್ಟುತ್ತಿರಲಿಲ್ಲ ಎಂಬುದು ಆಕ್ಷೇಪವಲ್ಲ, ಏಕೆಂದರೆ ಅದು ಸಂಕೇತವಾಗಿತ್ತು ಮತ್ತು ಸಂಕೇತವಾಗಿ ಫಲಿಸಿತು. ಆಕ್ಷೇಪವಿರುವುದು ಉದ್ದ ಮತ್ತು ಸಮತೆ ಎಂಬ ಎರಡೇ ಗುಣಗಳು ಕೈನೂಲಿನ ಒಟ್ಟು ಯೋಗ್ಯತೆಯಾಗಿ ಅಂದಿನಿಂದ ನೆಲೆನಿಂತದ್ದಕ್ಕೆ. ಮರುವರ್ಷ ಪಾಟ್ನಾದಲ್ಲಿ ಆ ಷರತ್ತು ಐಚ್ಛಿಕವಾಯಿತು, ಅಖಿಲ ಭಾರತ ಚರಕ ಸಂಘ ಹುಟ್ಟಿತು. ಅಳತೆಗೋಲು ಮಾತ್ರ ಬದಲಾಗಲಿಲ್ಲ.

ಅದೇ 1925ರಲ್ಲಿ ರವೀಂದ್ರನಾಥ ಠಾಕೂರರು ಚರಕದ ಆರಾಧನೆಯನ್ನು ಟೀಕಿಸಿ ಬರೆದರು, ಗಾಂಧೀಜಿ ಉತ್ತರಿಸಿದರು, ಮತ್ತು ಅಂದಿನಿಂದ ವಿಮರ್ಶಕರು ಈ ಇಬ್ಬರಲ್ಲಿ ಒಬ್ಬರ ಪಕ್ಷ ಹಿಡಿಯುವುದನ್ನೇ ಕೈನೂಲಿನ ಚರ್ಚೆಯೆಂದು ಭಾವಿಸುತ್ತ ಬಂದಿದ್ದಾರೆ. ಒಂದೇ ಕೆಲಸವನ್ನು ಎಲ್ಲರೂ ಎಡೆಬಿಡದೆ ಮಾಡುತ್ತಿದ್ದರೆ ಮನಸ್ಸು ಜಡವಾಗುತ್ತದೆ ಎಂಬುದು ಕವಿಯ ಆತಂಕ. ಹಸಿದ ರೈತನ ಬಿಡುವಿನ ವೇಳೆಗೆ ಈ ಕೆಲಸ ಅನ್ನವಾಗುತ್ತದೆ ಎಂಬುದು ಗಾಂಧೀಜಿಯ ಉತ್ತರದ ತಿರುಳು. ಇಬ್ಬರೂ ನೂಲುವವರ ಮನಸ್ಸು, ಹೊಟ್ಟೆಗಳನ್ನು ಕುರಿತು ಮಾತನಾಡಿದರು. ನೂಲುವುದೆಂದರೆ ಒಂದೇ ಚಲನೆಯ ಪುನರಾವೃತ್ತಿ ಎಂಬುದನ್ನು ಮಾತ್ರ ಇಬ್ಬರೂ ತಕರಾರಿಲ್ಲದೆ ಒಪ್ಪಿಕೊಂಡಿದ್ದರು. ಕವಿಗೆ ಅದು ದೋಷ, ಮಹಾತ್ಮರಿಗೆ ಧ್ಯಾನಕ್ಕೆ ಹತ್ತಿರವಾದ ಗುಣ. ಈಚಿನ ಸ್ತ್ರೀವಾದಿ ಓದುಗಳು ಅದನ್ನೇ ಹೆಣ್ಣಿನ ಬಿಟ್ಟಿ ದುಡಿಮೆಯೆಂದು ಕರೆದಾಗಲೂ, ದುಡಿಮೆಯ ನ್ಯಾಯದ ಮಟ್ಟಿಗೆ ಆ ಮಾತು ಸರಿಯಾಗಿದ್ದರೂ, ಪುನರಾವೃತ್ತಿಯ ಕಲ್ಪನೆಯನ್ನು ಅಲುಗಿಸಲಿಲ್ಲ. ಒಪ್ಪವಾದ ಹತ್ತಿಯ ಹಂಜಿಯಿಂದ ನೂಲುವವರನ್ನು ನೋಡಿದ ಯಾರಿಗಾದರೂ ಹಾಗನ್ನಿಸುವುದು ಸಹಜ. ಡೆಕ್ಕನಿ ಉಣ್ಣೆಯನ್ನು ನೂಲುವ ಕೈಯನ್ನು ಸ್ವಲ್ಪ ಹೊತ್ತು ನೋಡಿದ್ದರೆ ಈ ವಾದದ ತಳಪಾಯವೇ ಬೇರೆಯಾಗುತ್ತಿತ್ತು.

ಈ ಉಣ್ಣೆಯ ಸ್ವಭಾವ ಹೀಗಿದೆ. ಹತ್ತಿಯ ಎಳೆ ಒಣಗುವಾಗ ಚಪ್ಪಟೆಯಾಗಿ ತಾನಾಗಿಯೇ ತಿರುಚಿಕೊಂಡಿರುವುದರಿಂದ ಪಕ್ಕದ ಎಳೆಯನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ. ಮೆರಿನೋ ಉಣ್ಣೆಗೆ ಒತ್ತಾದ ಸುಕ್ಕುಗಳಿರುವುದರಿಂದ ಸಡಿಲವಾಗಿ ನೂತರೂ ಕೂಡಿ ನಿಲ್ಲುತ್ತದೆ. ಡೆಕ್ಕನಿ ಕುರಿಯ ಮೈಯಲ್ಲಿ ಸಣ್ಣ ಉಣ್ಣೆಯ ಜೊತೆಗೆ ಒರಟು ಕೂದಲೂ, ನಡುವೆ ಟೊಳ್ಳಾದ ಬಿರುಸು ಕೂದಲೂ ಬೆರೆತಿರುತ್ತವೆ. ವರ್ಷಕ್ಕೆ ಎರಡು ಸಲ ಕತ್ತರಿಸುವುದರಿಂದ ಎಳೆಗಳು ಗಿಡ್ಡ. ಟೊಳ್ಳು ಕೂದಲು ಬಾಗಲೊಪ್ಪದೆ ನೂಲಿನಿಂದ ಹೊರಗೆ ಸಿಡಿಯುತ್ತದೆ. ಬಿಲ್ಲಿನ ಹೆದೆ ಮಿಡಿದು ಹಿಂಜಿದ ಮೇಲೂ ಈ ಮೂರು ಬಗೆಯ ಎಳೆಗಳು ಒಂದಾಗುವುದಿಲ್ಲ, ಬರಿದೆ ಬೆರೆಯುತ್ತವೆ.

ಇಂಥ ಉಣ್ಣೆಯನ್ನು ಬಲಗೈಯಲ್ಲಿ ರಾಟೆ ತಿರುಗಿಸುತ್ತ ಎಡಗೈಯಿಂದ ಎಳೆಯುವಾಗ ನಡೆಯುವುದನ್ನು ನಿಧಾನವಾಗಿ ಗಮನಿಸಬೇಕು. ಕದಿರೆಂದರೆ ನೂಲಿಗೆ ಹುರಿ ಕೊಟ್ಟು ಸುತ್ತಿಕೊಳ್ಳುವ ಕಬ್ಬಿಣದ ಕಡ್ಡಿ. ನೂಲನ್ನು ಕದಿರಿಗೆ ಓರೆಯಾಗಿ ಹಿಡಿದಾಗ ಪ್ರತಿ ಸುತ್ತಿಗೂ ಅದು ಕದಿರಿನ ತುದಿಯಿಂದ ಜಾರಿ ಒಂದು ಹುರಿ ಪಡೆಯುತ್ತದೆ. ಅಡ್ಡಲಾಗಿ ಹಿಡಿದಾಗ ಹುರಿ ನಿಂತು ನೂಲು ಸುತ್ತಿಕೊಳ್ಳುತ್ತದೆ. ಹುರಿ ಎಳೆಯುದ್ದಕ್ಕೂ ಸಮವಾಗಿ ಹರಡುವುದಿಲ್ಲ, ದಪ್ಪ ಭಾಗವನ್ನು ತಿರುಚಲು ಹೆಚ್ಚು ಬಲ ಬೇಕಾದ್ದರಿಂದ ಮೊದಲು ಸಣ್ಣಗಿರುವ ಕಡೆಗೆ ಓಡುತ್ತದೆ. ನುರಿತವಳು ಇದನ್ನೇ ಉಪಾಯವಾಗಿ ಬಳಸುತ್ತಾಳೆ: ಸ್ವಲ್ಪ ಹುರಿ ಹೋಗಗೊಟ್ಟು ಕೈ ಹಿಂದಕ್ಕೆ ಸರಿಸಿದರೆ, ಹುರಿ ಹತ್ತಿದ ಸಣ್ಣ ಭಾಗ ಗಟ್ಟಿಯಾಗಿ ನಿಲ್ಲುತ್ತದೆ, ಹುರಿ ಹತ್ತದ ದಪ್ಪ ಭಾಗದ ಎಳೆಗಳು ಜಾರಿ ಸಣ್ಣಗಾಗುತ್ತವೆ, ನೂಲು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಹುರಿ ಹೆಚ್ಚಾದರೆ ಗಂಟು ಗಂಟಾಗಿಯೇ ಉಳಿಯುತ್ತದೆ, ಕಡಿಮೆಯಾದರೆ ಎಳೆ ಹರಿಯುತ್ತದೆ. ಮೆರಿನೋದಲ್ಲಿ ಈ ಎರಡರ ನಡುವಿನ ಅವಕಾಶ ವಿಶಾಲ. ಬಿರುಸು ಕೂದಲು ತುಂಬಿದ ಡೆಕ್ಕನಿ ಉಣ್ಣೆಯಲ್ಲಿ ಅದು ಬಹಳ ಕಿರಿದು, ಮತ್ತು ಒಂದು ಹಿಡಿ ಉಣ್ಣೆಯಲ್ಲಿದ್ದಂತೆ ಇನ್ನೊಂದರಲ್ಲಿರುವುದಿಲ್ಲ. ಆದ್ದರಿಂದ ಪ್ರತಿ ಎಳೆತದಲ್ಲೂ ಬೆರಳು ಹೊಸದಾಗಿ ತೀರ್ಮಾನ ಮಾಡಬೇಕಾಗುತ್ತದೆ. ಇದರ ಮೇಲೆ, ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಹಾಸಿನ ನೂಲು ಹಣಿಗೆಯ ಉಜ್ಜಾಟ ತಾಳುವಷ್ಟು ಬಿಗಿಯಾಗಿರಬೇಕು, ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲು ಬೆಚ್ಚಗಿಡಲು ಮೆತ್ತಗಿರಬೇಕು. ಒಂದೇ ಉಣ್ಣೆಯಿಂದ ಎರಡು ನೂಲುಗಳನ್ನು ಹೊರಡಿಸುವ ಈ ವಿವೇಕಕ್ಕೆ ಬೆಳಗಾವಿಯ ಗಜಕೋಲಿನಲ್ಲಿ ಜಾಗವಿಲ್ಲ.

ಕಂಬಳಿಯ ಅಭಿಮಾನಿಗಳು ಇಲ್ಲಿ ಹುಣಸೆ ಬೀಜದ ಗಂಜಿಯ ಮಾತೆತ್ತುತ್ತಾರೆ. ಕೊಪ್ಪೆ ಹಾಕಿಕೊಂಡ ಕಂಬಳಿ ಮಳೆಯನ್ನು ತಡೆಯುವುದು ಹಾಸಿಗೆ ಬಳಿಯುವ ಆ ಗಂಜಿಯಿಂದ ಎಂಬ ವಿವರಣೆ ಲೇಖನದಿಂದ ಲೇಖನಕ್ಕೆ ನಡೆದುಬಂದಿದೆ. ಗಂಜಿ ನೂಲನ್ನು ಮಗ್ಗದ ಮೇಲೆ ಕಾಪಾಡುತ್ತದೆ, ಹೊಸ ಕಂಬಳಿಗೆ ಬಿರುಸು ಕೊಡುತ್ತದೆ, ಅಷ್ಟರ ಮಟ್ಟಿಗೆ ಅದಕ್ಕೆ ಮರ್ಯಾದೆ ಸಲ್ಲಬೇಕು. ಆದರೆ ಗಂಜಿ ನೀರಿನಲ್ಲಿ ತೊಳೆದುಹೋಗುವ ಪದಾರ್ಥ. ಹಳೆಯ ಕಂಬಳಿಯೂ ಮಳೆ ತಡೆಯುತ್ತದೆಯಾದರೆ ಅದರ ಕಾರಣವನ್ನು ಬಿಗಿಯಾಗಿ ನೂತ ನೂಲಿನಲ್ಲಿ, ಅದರಿಂದ ಹೊರಚಾಚಿ ಹನಿಯನ್ನು ಜಾರಿಸುವ ಬಿರುಸು ಕೂದಲಿನಲ್ಲಿ, ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆಳೆದುಕೊಂಡೂ ಒದ್ದೆಯೆನಿಸದ ಉಣ್ಣೆಯ ಗುಣದಲ್ಲಿ ಹುಡುಕಬೇಕು. ಯಂತ್ರದ ನೂಲಿನ ದೋಷವೆನಿಸುವ ಆ ಹೊರಚಾಚಿದ ಕೂದಲೇ ಇಲ್ಲಿ ಸೂರಿನ ಕೆಲಸ ಮಾಡುತ್ತದೆ. ಸಮತೆಯ ಅಳತೆಗೋಲು ಉಣ್ಣೆಯ ಮುಂದೆ ಸೋಲುವುದು ಇಲ್ಲಿಯೇ.

ಹತ್ತಿಯ ಕಡೆಯಲ್ಲಿ ಕೀರ್ತಿ ಉಳಿದು ಕೆಲಸ ಕರಗಿದ ಕಥೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಸ್ವಾತಂತ್ರ್ಯಾನಂತರ ಹರಡಿದ ಅಂಬರ ಚರಕದಲ್ಲಿ ಎಳೆಯನ್ನು ಸಣ್ಣಗೆ ಮಾಡುವುದು ಉರುಳೆಗಳು, ಕೈ ತಿರುಗಿಸುವುದು ಹಿಡಿಕೆಯನ್ನು. ಅದಕ್ಕೆ ಬೇಕಾದ ಹಂಜಿ ಬರುವುದು ಖಾದಿ ಆಯೋಗದ ಯಂತ್ರಘಟಕಗಳಿಂದ, ಅವುಗಳಲ್ಲೊಂದು ಕಂಬಳಿಯ ಸೀಮೆಯಾದ ಚಿತ್ರದುರ್ಗದಲ್ಲೇ ಇದೆ. ಬೆರಳಿನ ತೀರ್ಮಾನ ಉರುಳೆಗೆ ಹೋದ ಮೇಲೆ ಉಳಿದದ್ದನ್ನು ಕೈನೂಲು ಎನ್ನಬಹುದಾದರೆ ಕಾನೂನಿನ ಪರಿಭಾಷೆಯಲ್ಲಿ ಮಾತ್ರ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ಸಿಕ್ಕಾಗ ಖಾದಿಯ ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿಯ ಘಟಕದ ಪರವಾಗಿ ಎದ್ದ ಕೂಗು ನ್ಯಾಯವಾದದ್ದೇ, ಅದು ಅನೇಕ ಹೆಂಗಸರ ಕೂಲಿಯ ಪ್ರಶ್ನೆ. ಆದರೆ ಹಳೆಯ ಸಂಹಿತೆ ಧ್ವಜಕ್ಕೆ ಒಪ್ಪಿದ ಬಟ್ಟೆಗಳಲ್ಲಿ ಕೈಯಿಂದ ನೂತು ನೇಯ್ದ ಉಣ್ಣೆಯೂ ಇತ್ತೆಂಬುದನ್ನು ಆ ಚರ್ಚೆಯಲ್ಲಿ ನೆನೆಯುವ ಅಗತ್ಯ ಯಾರಿಗೂ ತೋರಿದಂತಿಲ್ಲ.

ನೇಕಾರನಿಗೆ ಸಲ್ಲುವ ಪ್ರಾಧಾನ್ಯಕ್ಕೆ ಸಮಯದ ಲೆಕ್ಕವೂ ಒಪ್ಪುವುದಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಮಗ್ಗ ನಡೆಯಲು ನಾಲ್ಕಾರು ಮಂದಿ ನೂಲಬೇಕಾಗಿತ್ತು, ನೂಲುವ ಜೆನ್ನಿ ಯಂತ್ರ ಹುಟ್ಟಿದ್ದು ಆ ಇಕ್ಕಟ್ಟಿನಿಂದಲೇ. ಕಂಬಳಿಯ ಬೆನ್ನ ಹಿಂದೆಯೂ ಅದೇ ಅನುಪಾತದ ನೆರಳಿದೆ. ಪಾಣಿಪತ್ತಿನ ಅಗ್ಗದ ಹೊದಿಕೆಗಳ ಎದುರು ಕಂಬಳಿಯನ್ನು ಉಳಿಸಲು ಹೊರಟ ಯೋಜನೆಗಳು ಮಗ್ಗ ಕೊಡುತ್ತವೆ, ವಿನ್ಯಾಸ ಕಲಿಸುತ್ತವೆ, ಮಾರಾಟಮಳಿಗೆ ತೆರೆಯುತ್ತವೆ. ಹತ್ತಿ ನೂಲುವವರಿಗೆ ಖಾದಿ ಸಂಸ್ಥೆಗಳು ಸಾವಿರ ಮೀಟರಿನ ಲಡಿಗೆ ಇಷ್ಟೆಂದು ಕೂಲಿ ಕೊಡುತ್ತವೆ; ಉಣ್ಣೆಯ ನೂಲನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವ ಕಡೆಯಲ್ಲಿ ಸಣ್ಣಗೆ, ಬಿಗಿಯಾಗಿ ಹಾಸಿನ ನೂಲು ತೆಗೆದವಳು ಎರಡು ಪಟ್ಟು ಉದ್ದ ನೂತರೂ ದಪ್ಪನೆಯ ಹೊಕ್ಕಿನ ನೂಲು ತೆಗೆದವಳಷ್ಟೇ ದುಡ್ಡು ಪಡೆಯುತ್ತಾಳೆ. ಹಾಗಿರುವಾಗ ಬುದ್ಧಿಯಿದ್ದ ಯಾರೂ ಹಾಸಿನ ನೂಲು ನೂಲುವುದಿಲ್ಲ, ಮತ್ತು ಗಿರಣಿಯ ಹಾಸಿನ ಮೇಲೆ ಕೈನೂಲಿನ ಹೊಕ್ಕು ಹಾಯಿಸಿದ ಬಟ್ಟೆಯೇ ಕಂಬಳಿಯೆಂಬ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತದೆ.